ತೊಗಲಿನಾಚೆಯ ನೆತ್ತರು: ಚರ್ಮದ ಮೇಲಿಂದ ರಕ್ತಸಂಚಾರವನ್ನು ಅರಿಯುವ ಬಗೆಗಳ ಚರಿತ್ರೆ

ಬೆಂಗಳೂರು ನಗರಕ್ಕೆ ನಲ್ಲಿ ನೀರು ಬಂದ ಚರಿತ್ರೆಯಲ್ಲಿ ಸೋಲದೇವನಹಳ್ಳಿಯ ಹೆಸರು ಆರಂಭದಲ್ಲಿಯೇ ಬರುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ, 1894ರ ಸುಮಾರಿಗೆ ರೂಪುಗೊಂಡ ಚಾಮರಾಜೇಂದ್ರ ಜಲಕಾಮಗಾರಿಯಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರನ್ನು ಅನುಸರಿಸಿ ಹರಿದು, ಕೊಳವೆಯ ಮೂಲಕ ಸೋಲದೇವನಹಳ್ಳಿಯನ್ನು ಸೇರುತ್ತಿತ್ತು. ಅಲ್ಲಿನ ಪಂಪುಮನೆಯ ಉಗಿಯಂತ್ರಗಳು ಅದನ್ನು ಮಲ್ಲೇಶ್ವರದ ಶೋಧನಾಗಾರದ ಕಡೆಗೆ ಎತ್ತಿ ತಳ್ಳುತ್ತಿದ್ದವು. ಪಂಪುಮನೆಯ ಯಂತ್ರ ಓಡುತ್ತಿದೆ ಎಂಬುದೂ ಪೇಟೆಯ ಕೊನೆಯ ಗಲ್ಲಿಯ ನಲ್ಲಿಯಲ್ಲಿ ನೀರು ಬರುತ್ತಿದೆ ಎಂಬುದೂ ಬೇರೆ ಬೇರೆ ಸಂಗತಿಗಳು. ಮೊದಲನೆಯದನ್ನು ಯಂತ್ರದ ಬಳಿ ನಿಂತವನು ಹೇಳಬಲ್ಲ. ಎರಡನೆಯದನ್ನು ತಿಳಿಯಬೇಕಾದರೆ ಆ ಕೊನೆಯ ನಲ್ಲಿಯ ಬಳಿಗೇ ಹೋಗಬೇಕು. ಮನುಷ್ಯದೇಹದ ರಕ್ತಸಂಚಾರವನ್ನು ಕುರಿತ ಅರಿವು ಬೆಳೆದುಬಂದ ಬಗೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ಗುಂಡಿಗೆಯ ಬಡಿತವನ್ನೂ ಮುಂಗೈಯ ನಾಡಿಯನ್ನೂ ಜನ ಸಾವಿರಾರು ವರ್ಷಗಳಿಂದ ಬಲ್ಲರು. ಆದರೆ ಕಾಲಿನ ಕಿರುಬೆರಳ ತುದಿಯ ತೊಗಲಿಗೆ ನೆತ್ತರು ತಲುಪಿತೇ, ತಲುಪಿದ ನೆತ್ತರು ತಾನು ಹೊತ್ತು ತಂದ ಪ್ರಾಣವಾಯುವನ್ನು ಅಲ್ಲಿ ಇಳಿಸಿತೇ ಎಂಬುದನ್ನು ಅಂಕೆಯಲ್ಲಿ ಹೇಳಲು ಸಾಧ್ಯವಾದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ ಮಾತ್ರ.

ಸೋಲದೇವನಹಳ್ಳಿ ಎಂಬ ಹೆಸರಿನ ಊರುಗಳು ಬೆಂಗಳೂರಿನ ಸುತ್ತ ಎರಡಿವೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಹಿರಿಯ ನಟಿ ಲೀಲಾವತಿಯವರು ನೆಲೆಸಿ, ಗ್ರಾಮದ ಜನರಿಗಾಗಿ ಸ್ವಂತ ಖರ್ಚಿನಲ್ಲಿ ಆಸ್ಪತ್ರೆ ಕಟ್ಟಿಸಿದ ಊರು ನೆಲಮಂಗಲ ತಾಲ್ಲೂಕಿಗೆ ಸೇರಿದ್ದು. ಪಂಪುಮನೆಯ ಸೋಲದೇವನಹಳ್ಳಿ ಹೆಸರಘಟ್ಟ ರಸ್ತೆಯ ಕಡೆಯದು. ಇಂದು ಅಲ್ಲಿ ಕಾಲೇಜುಗಳ ದೊಡ್ಡ ಆವರಣವಿದೆ, ರೈಲು ನಿಲ್ದಾಣವಿದೆ, ಬಾಡಿಗೆ ಮನೆಗಳ ಸಾಲುಗಳಿವೆ. ಎರಡು ಮೂರು ತಲೆಮಾರುಗಳ ಹಿಂದೆ ಬರಿಗಾಲಿನಲ್ಲಿ ಹೊಲಕ್ಕೆ ನಡೆದು ಹೋಗುತ್ತಿದ್ದ ಮನೆತನಗಳು ಇಂದು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವ ಇಂತಹ ನಗರದಂಚಿನ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರಸ್ತುತ ವಿಷಯವನ್ನು ನೋಡಬೇಕಾಗುತ್ತದೆ.

ಜನಪದರು ಚರ್ಮವನ್ನು ಓದಿದ ಬಗೆಗೆ ಕನ್ನಡದ ಮಾತುಗಳೇ ಸಾಕ್ಷಿ. ‘ಮುಖದಲ್ಲಿ ರಕ್ತವೇ ಇಲ್ಲ’, ‘ಬಿಳಿಚಿಕೊಂಡಿದ್ದಾನೆ’, ‘ಉಗುರು ನೀಲಿಗಟ್ಟಿತು’, ‘ಕೈಕಾಲು ತಣ್ಣಗಾಯಿತು’, ‘ಮೈ ಕಾವು ಇಳಿಯಿತು’ ಎಂಬ ಪ್ರಯೋಗಗಳನ್ನು ಕೇವಲ ನುಡಿಗಟ್ಟುಗಳೆಂದು ಭಾವಿಸುವುದು ಸರಿಯಲ್ಲ. ಇವು ಬಣ್ಣ ಮತ್ತು ಕಾವು ಎಂಬ ಎರಡು ಅಳತೆಗೋಲುಗಳನ್ನು ಹಿಡಿದು ನಡೆಸಿದ ಪರೀಕ್ಷೆಯ ಫಲಿತಾಂಶಗಳು. ಕಾಯಿಲೆ ಬಿದ್ದವರ ಹಣೆಯನ್ನು ಮುಟ್ಟಿ ನೋಡುವ ಹಿರಿಯರು ಅಷ್ಟಕ್ಕೇ ನಿಲ್ಲದೆ ಅಂಗಾಲನ್ನೂ ಮುಟ್ಟಿ ನೋಡುವುದುಂಟು. ಹಣೆ ಸುಡುತ್ತಿದ್ದು ಅಂಗಾಲು ತಣ್ಣಗಿದ್ದರೆ ಅದನ್ನು ಕೆಟ್ಟ ಲಕ್ಷಣವೆಂದು ಬಗೆಯುವ ರೂಢಿ ಆಧುನಿಕ ತುರ್ತುಚಿಕಿತ್ಸೆಯ ತಿಳಿವಳಿಕೆಗೆ ವಿರುದ್ಧವಾದುದಲ್ಲ. ದೇಹ ಸಂಕಟಕ್ಕೆ ಸಿಕ್ಕಾಗ ಮೊದಲು ತೊಗಲಿಗೆ ಹೋಗುವ ನೆತ್ತರನ್ನು ಕಡಿತಗೊಳಿಸಿ, ಮಿದುಳು, ಗುಂಡಿಗೆ ಮುಂತಾದ ಒಳ ಅಂಗಗಳಿಗೆ ಉಳಿಸಿಕೊಳ್ಳುತ್ತದೆ. ಬರಗಾಲದಲ್ಲಿ ಕಾಲುವೆಯ ತುದಿಯ ಗದ್ದೆ ಮೊದಲು ಒಣಗುವ ಹಾಗೆ ಬೆರಳ ತುದಿ ಮೊದಲು ತಣ್ಣಗಾಗುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಕರಿಬಣ್ಣ, ಎಣ್ಣೆಗೆಂಪು, ಗೋಧಿಬಣ್ಣ ಎಂದು ಮೈಬಣ್ಣಗಳನ್ನು ಬಗೆಬಗೆಯಾಗಿ ಹೆಸರಿಸುವ ಈ ನಾಡಿನಲ್ಲಿ ರಕ್ತವನ್ನು ಓದಲು ಕೆನ್ನೆಯೊಂದನ್ನೇ ಯಾರೂ ನಂಬಲಿಲ್ಲ. ನಾಟಿವೈದ್ಯರು ನೋಡುತ್ತಿದ್ದುದು ಉಗುರನ್ನು, ನಾಲಿಗೆಯನ್ನು, ತುಟಿಯ ಒಳಭಾಗವನ್ನು, ಕೆಳರೆಪ್ಪೆಯನ್ನು ಎಳೆದು ಕಣ್ಣಿನ ಒಳಗೆಂಪನ್ನು, ಅಂಗೈಯನ್ನು. ತೊಗಲಿನ ಬಣ್ಣ ಅಡ್ಡಬಾರದ ಜಾಗಗಳು ಇವು. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗೆ ಇಂದಿಗೂ ಇದೇ ಜಾಗಗಳನ್ನು ತೋರಿಸಿಕೊಡಲಾಗುತ್ತದೆ. ಉಗುರನ್ನು ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕೆಂಬ ಪರೀಕ್ಷೆಯೂ ಈ ಸಾಲಿಗೇ ಸೇರಿದ್ದು.

ಬಣ್ಣದ ಓದು ಅತ್ಯಂತ ನಿರ್ಣಾಯಕವಾಗಿದ್ದುದು ಹೆರಿಗೆಯ ಕೋಣೆಯಲ್ಲಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂತಹ ಸೂಲಗಿತ್ತಿಯರ ಕೈಗೆ ಬಂದ ಕೂಸು ಕೆಂಪಗಿದೆಯೋ, ನೀಲಿಯಾಗಿದೆಯೋ, ಬಿಳಿಚಿದೆಯೋ ಎಂಬ ಒಂದು ನೋಟದ ಮೇಲೆ ಮುಂದಿನ ಕೆಲಸವೆಲ್ಲ ನಿಂತಿರುತ್ತಿತ್ತು. ಬೆನ್ನು ಉಜ್ಜುವುದು, ಅಂಗಾಲು ತಟ್ಟುವುದು, ಬೆಚ್ಚಗೆ ಸುತ್ತುವುದು ಇವೆಲ್ಲ ನೀಲಿಯನ್ನು ಕೆಂಪಿಗೆ ತಿರುಗಿಸುವ ಪ್ರಯತ್ನಗಳು. ಭಾರತದ ಹಲವೆಡೆ ಸೂಲಗಿತ್ತಿಯರು ಹೊಕ್ಕುಳಬಳ್ಳಿ ಕತ್ತರಿಸುವ ಮೊದಲು ಮಾಸನ್ನು ಬಿಸಿಮಾಡಿ ಕೂಸಿಗೆ ಜೀವ ಬರಿಸಲು ಯತ್ನಿಸುತ್ತಿದ್ದುದೂ ದಾಖಲಾಗಿದೆ. ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದ ನವಜಾತ ಶಿಶುವಿನ ಅಂಕಪಟ್ಟಿಯ ಐದು ಅಂಶಗಳಲ್ಲಿ ಬಣ್ಣವೂ ಒಂದು. ಮೈಯೆಲ್ಲ ನೀಲಿಯಾಗಿದ್ದರೆ ಅಥವಾ ಬಿಳಿಚಿದ್ದರೆ ಸೊನ್ನೆ, ಮೈ ಕೆಂಪಗಿದ್ದು ಕೈಕಾಲು ಮಾತ್ರ ನೀಲಿಯಾಗಿದ್ದರೆ ಒಂದು, ಪೂರ್ತಿ ಕೆಂಪಗಿದ್ದರೆ ಎರಡು. ಸೂಲಗಿತ್ತಿಯ ನೋಟಕ್ಕೆ ಅಂಕ ಕೊಟ್ಟಂತೆ ಇದು ಕಾಣುತ್ತದೆ.

ಆದರೆ ಬಣ್ಣ ಒಂದು ಮಿತಿಯ ಆಚೆಗೆ ಏನನ್ನೂ ಹೇಳಲಾರದು. ಕೆಂಪಾದ ಕೂಸಿಗೆ ಇನ್ನಷ್ಟು ಆಮ್ಲಜನಕ ಕೊಟ್ಟರೂ ಅದು ಅಷ್ಟೇ ಕೆಂಪಗಿರುತ್ತದೆ. ಈ ಒಂದು ಕುರುಡುಚುಕ್ಕಿಯ ಬೆಲೆಯನ್ನು ಜಗತ್ತು ಬಹಳ ದುಬಾರಿಯಾಗಿ ತೆತ್ತಿತು. 1940ರ ದಶಕದಿಂದ 1950ರ ದಶಕದ ಆರಂಭದವರೆಗೆ, ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಧಾರಾಳವಾಗಿ ಆಮ್ಲಜನಕ ತುಂಬಿದ ಪೆಟ್ಟಿಗೆಗಳಲ್ಲಿಟ್ಟು ಸಾಕಿದ ಪರಿಣಾಮವಾಗಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡರೆಂದು ಅಂದಾಜು. ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ 1951ರಲ್ಲಿ ಈ ಸಂಬಂಧವನ್ನು ಎತ್ತಿ ತೋರಿದರು. ಬಳಿಕ ಆಮ್ಲಜನಕವನ್ನು ಬಿಗಿಯಾಗಿ ನಿಯಂತ್ರಿಸಲಾಯಿತು. ಆಗ ಕಣ್ಣು ಉಳಿಯಿತು, ಉಸಿರು ಸಾಲದೆ ಸತ್ತ ಮಕ್ಕಳ ಸಂಖ್ಯೆ ಏರಿತು. ಹೆಚ್ಚಾದರೆ ಕುರುಡು, ಕಡಿಮೆಯಾದರೆ ಸಾವು. ಪದೇ ಪದೇ ಸೂಜಿ ಚುಚ್ಚಿ ರಕ್ತ ತೆಗೆಯುವಷ್ಟು ನೆತ್ತರು ಆ ಮಕ್ಕಳ ಮೈಯಲ್ಲಿಲ್ಲ. ಚರ್ಮದ ಮೇಲಿಂದಲೇ ಆಮ್ಲಜನಕವನ್ನು ಅಳೆಯಬೇಕೆಂಬ ಹಟ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಅದರ ಬೀಜರೂಪದ ಪ್ರಯತ್ನಗಳು ಅದಕ್ಕೂ ಹಿಂದೆಯೇ ನಡೆದಿದ್ದವು. ಚರ್ಮವೂ ಉಸಿರಾಡುತ್ತದೆ, ಗಾಳಿಯೊಡನೆ ಕೊಡುಕೊಳೆ ನಡೆಸುತ್ತದೆ ಎಂಬುದನ್ನು ಜರ್ಮನಿಯ ಗೆರ್ಲಾಖ್ 1851ರಲ್ಲಿಯೇ ಮನುಷ್ಯರ ಮತ್ತು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ವಿವರಿಸಿದ್ದ. ಅದೇ ದೇಶದ ಫಿಯರಾರ್ಟ್ 1876ರಲ್ಲಿ ಬೆರಳಿನ ಮೂಲಕ ಬೆಳಕು ಹಾಯಿಸಿ, ಬೆರಳನ್ನು ಬಿಗಿದು ಕಟ್ಟಿದಾಗ ಆಮ್ಲಜನಕವಿರುವ ರಕ್ತದ ಗುರುತಾದ ಬಣ್ಣಪಟ್ಟಿಗಳು ಮಾಯವಾಗುವುದನ್ನು ಕಂಡ. ಇಂದು ಮನೆಮನೆಯಲ್ಲಿರುವ ಬೆರಳಿನ ಚಿಮಟವೂ ಚರ್ಮದ ಮೇಲಂಟಿಸುವ ಆಮ್ಲಜನಕಮಾಪಕವೂ ಹೀಗೆ ಬೇರೆ ಬೇರೆ ಬೇರುಗಳಿಂದ ಬೆಳೆದವು. ಒಂದು ಬೆಳಕನ್ನು ನಂಬಿತು, ಇನ್ನೊಂದು ರಸಾಯನಕ್ರಿಯೆಯನ್ನು ನಂಬಿತು. ಈ ಭೇದವನ್ನು ಮರೆತು ಎರಡನ್ನೂ ಒಂದೇ ಎಂದು ಬರೆಯುವ ಜನಪ್ರಿಯ ಲೇಖನಗಳು ಕನ್ನಡದಲ್ಲಿ ಸಾಕಷ್ಟಿವೆ.

1951ರಲ್ಲಿ ಬಾಮ್‌ಬರ್ಗರ್ ಮತ್ತು ಗುಡ್‌ಫ್ರೆಂಡ್ ಎಂಬ ಇಬ್ಬರು ಸಂಶೋಧಕರು ಮಾಡಿದ ಪ್ರಯೋಗ ಹಳ್ಳಿಯ ಮನೆಮದ್ದಿನಷ್ಟೇ ಸರಳವಾಗಿತ್ತು. ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರಾವಣದಲ್ಲಿ ಬೆರಳನ್ನು ಮುಳುಗಿಸಿಡುವುದು. ಸ್ವಲ್ಪ ಹೊತ್ತಿನ ನಂತರ ಆ ದ್ರಾವಣದ ಆಮ್ಲಜನಕದ ಮಟ್ಟ ಅಪಧಮನಿಯ ರಕ್ತದ ಮಟ್ಟಕ್ಕೆ ಹತ್ತಿರವಾಗುತ್ತದೆ. ಬಿಸಿಗೆ ತೊಗಲಿನ ಸೂಕ್ಷ್ಮನಾಳಗಳು ಅರಳುತ್ತವೆ, ನೆತ್ತರು ನುಗ್ಗುತ್ತದೆ, ಹೊರಪದರದ ಕೊಬ್ಬು ಸಡಿಲಗೊಂಡು ಅನಿಲ ಹೊರಕ್ಕೆ ಒಸರುತ್ತದೆ. ಅಮೆರಿಕದ ಲೆಲೆಂಡ್ ಕ್ಲಾರ್ಕ್ 1956ರಲ್ಲಿ ಪ್ರಕಟಿಸಿದ ಆಮ್ಲಜನಕದ ವಿದ್ಯುದಗ್ರವು ಈ ಅಳತೆಗೆ ಬೇಕಾದ ಉಪಕರಣವನ್ನು ಒದಗಿಸಿತು. ಪ್ಲಾಟಿನಂ ಮತ್ತು ಬೆಳ್ಳಿಯ ತುದಿಗಳ ಮೇಲೆ ತೆಳುವಾದ ಪೊರೆ ಎಳೆದ ಈ ಸಾಧನದಲ್ಲಿ, ಪೊರೆಯನ್ನು ದಾಟಿ ಬಂದ ಆಮ್ಲಜನಕ ಎಷ್ಟೋ ಅಷ್ಟು ವಿದ್ಯುತ್ತು ಹರಿಯುತ್ತದೆ. ಜರ್ಮನಿಯ ಮಾರ್ಬರ್ಗಿನಲ್ಲಿ ರೆನಾಟೆ ಹೂಖ್, ಆಲ್ಬರ್ಟ್ ಹೂಖ್ ದಂಪತಿಗಳೂ ಡೀಟ್ರಿಖ್ ಲ್ಯೂಬರ್ಸ್ ಅವರೂ ಆ ಬಿಸಿಯನ್ನೂ ಈ ವಿದ್ಯುದಗ್ರವನ್ನೂ ಒಂದೇ ಬಿಲ್ಲೆಯೊಳಗೆ ಕೂಡಿಸಿ, 1970ರ ದಶಕದ ಆರಂಭದಲ್ಲಿ ನವಜಾತ ಶಿಶುಗಳ ತೊಗಲಿನ ಮೇಲೆ ಅಂಟಿಸಿದರು. ಬಿಲ್ಲೆಯ ಕಾವು 43ರಿಂದ 45 ಡಿಗ್ರಿ. ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಎಳೆಯ ಚರ್ಮ ಸುಡುವುದರಿಂದ ಕೆಲವು ಗಂಟೆಗಳಿಗೊಮ್ಮೆ ಅದನ್ನು ಬೇರೆಡೆಗೆ ಸರಿಸಬೇಕಾಗುತ್ತಿತ್ತು. ಸರಿಸಿದಲ್ಲೆಲ್ಲ ಒಂದೊಂದು ದುಂಡನೆಯ ಕೆಂಪು ಗುರುತು ಉಳಿಯುತ್ತಿತ್ತು.

ಕಾವಿನಿಂದ ನೆತ್ತರನ್ನು ತೊಗಲಿಗೆ ಕರೆಯುವ ತತ್ತ್ವ ಜನಪದ ವೈದ್ಯಕ್ಕೆ ಹೊಸತಲ್ಲ. ಬಾಣಂತಿಯ ಕೋಣೆಯ ಕೆಂಡ, ಉಳುಕಿದ ಕಾಲಿಗೆ ಉಪ್ಪಿನ ಗಂಟಿನ ಶಾಖ, ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಅಭ್ಯಂಜನ ಎಲ್ಲವೂ ಈ ಒಂದೇ ಅನುಭವದ ಮೇಲೆ ನಿಂತಿವೆ. ಇದೇ ತಿಳಿವಳಿಕೆ ವಿಪರೀತಕ್ಕೆ ಹೋದಾಗ, ಉತ್ತರ ಕರ್ನಾಟಕದ ಕೆಲವೆಡೆ ಕಂಡುಬಂದಿರುವಂತೆ, ಎಳೆಗೂಸುಗಳ ಹೊಟ್ಟೆಯ ಮೇಲೆ ಬರೆ ಹಾಕುವ ಕ್ರೂರ ಪದ್ಧತಿಯಾಯಿತು. ಜನಪದ ಅರಿವೆಂದ ಮಾತ್ರಕ್ಕೆ ಅದನ್ನು ಸಮರ್ಥಿಸುವ ಹಂಗು ಅಧ್ಯಯನಕಾರರಿಗೆ ಇರಬೇಕಿಲ್ಲ. ಶಾಖ ಮತ್ತು ಬರೆಗಳ ನಡುವಿನ ಅಂತರ ಕೆಲವೇ ಡಿಗ್ರಿಗಳದು, ಕೆಲವೇ ನಿಮಿಷಗಳದು. ಮಾರ್ಬರ್ಗಿನ ಬಿಲ್ಲೆಯ ಸಾಧನೆಯಿರುವುದು ಆ ಅಂತರವನ್ನು ಕಾಯ್ದುಕೊಂಡದ್ದರಲ್ಲಿ.

ನಾಡಿಪರೀಕ್ಷೆಯನ್ನು ಈ ಚರಿತ್ರೆಯಲ್ಲಿ ಎಲ್ಲಿಡಬೇಕೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಚರಕ, ಸುಶ್ರುತ ಸಂಹಿತೆಗಳಲ್ಲಿ ಕಾಣದ ನಾಡಿಯ ವ್ಯವಸ್ಥಿತ ವಿವರಣೆ ಶಾರ್ಙ್ಗಧರ ಸಂಹಿತೆಯ ಕಾಲಕ್ಕೆ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಹೆಬ್ಬೆರಳ ಬುಡದಲ್ಲಿ ಮೂರು ಬೆರಳಿಟ್ಟು ವಾತ ಪಿತ್ತ ಕಫಗಳ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡಿಗೆಗೆ ಹೋಲಿಸಿ ಹೇಳುವ ಕ್ರಮ ಹಳ್ಳಿಯ ಪಂಡಿತರವರೆಗೂ ಇಳಿದುಬಂದಿತು. ‘ನಾಡಿ ಸಿಗುತ್ತಿಲ್ಲ’ ಎಂಬ ಮಾತು ಸಾವಿನ ಮುನ್ಸೂಚನೆಯಾಗಿ ಕನ್ನಡದಲ್ಲಿ ನೆಲೆಯೂರಿದೆ. ಆದರೆ ನಾಡಿ ಪಂಪುಮನೆಯ ಸಮೀಪದ ದೊಡ್ಡ ಕೊಳವೆಯ ಸುದ್ದಿಯೇ ಹೊರತು ಕೊನೆಯ ನಲ್ಲಿಯದಲ್ಲ. ಪಾದದ ಮೇಲ್ಭಾಗದಲ್ಲಿ ನಾಡಿ ಬೆರಳಿಗೆ ಸಿಗುತ್ತಿರುವಾಗಲೂ ಬೆರಳಿನ ತುದಿ ಹಸಿದಿರಬಹುದು. ಸಕ್ಕರೆ ಕಾಯಿಲೆ ಬಹುಕಾಲದಿಂದ ಇರುವವರಲ್ಲಿ ಅಪಧಮನಿಯ ಗೋಡೆಗಳಲ್ಲಿ ಸುಣ್ಣದಂಶ ಕಟ್ಟಿಕೊಂಡು ಕೊಳವೆ ಗಡುಸಾಗುವುದರಿಂದ, ಕಣಕಾಲಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರೆ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಎಲ್ಲ ಸರಿಯಾಗಿದೆಯೆಂದು ಅಳತೆ ಹೇಳುತ್ತಿರುವಾಗಲೇ ಬೆರಳು ಕಪ್ಪಾಗುತ್ತಿರುತ್ತದೆ.

ಶಿಶುಗಳ ಕೋಣೆಯಿಂದ ಈ ಬಿಲ್ಲೆ ವಯಸ್ಕರ ಕಾಲಿನ ಮೇಲೆ ಬಂದ ಬಗೆ ಕುತೂಹಲಕರವಾದುದು. ವಯಸ್ಕ ರೋಗಿಗಳಿಗೆ ಅಂಟಿಸಿ ನೋಡಿದಾಗ ಅದರ ಅಂಕೆ ಅನೇಕ ವೇಳೆ ರಕ್ತದ ನಿಜವಾದ ಆಮ್ಲಜನಕ ಮಟ್ಟಕ್ಕಿಂತ ಬಹಳ ಕೆಳಗಿರುತ್ತಿತ್ತು. ಯಂತ್ರ ಕೆಟ್ಟಿದೆಯೆಂದೇ ಹಲವರು ತಿಳಿದರು. ಟ್ರೆಂಪರ್ ಮತ್ತು ಶೂಮೇಕರ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೇರೆಯದೇ ಅರ್ಥ ಕೊಟ್ಟಿತು: ರಕ್ತಸಂಚಾರ ಕುಸಿದ ಆಘಾತಸ್ಥಿತಿಯ ರೋಗಿಗಳಲ್ಲಿ ಆ ಅಂಕೆ ಇಳಿಯುವುದಕ್ಕೆ ಕಾರಣ ಯಂತ್ರದ ದೋಷವಲ್ಲ, ತೊಗಲಿಗೆ ನೆತ್ತರು ತಲುಪದಿರುವುದು. ರಕ್ತದಲ್ಲಿ ಆಮ್ಲಜನಕವಿದೆ, ಅದನ್ನು ಹೊತ್ತು ತರುವ ಹರಿವಿಲ್ಲ. ಹೀಗೆ ದೋಷವೆಂದು ಎಣಿಸಿದ್ದೇ ರಕ್ತಸಂಚಾರದ ಅಳತೆಯಾಯಿತು. ಅದೇ ದಶಕದಲ್ಲಿ ಬೆರಳಿನ ಪಲ್ಸ್ ಆಕ್ಸಿಮೀಟರ್ ಶಸ್ತ್ರಚಿಕಿತ್ಸೆಯ ಕೋಣೆಗಳನ್ನೂ ಶಿಶುವಾರ್ಡುಗಳನ್ನೂ ಆವರಿಸಿಕೊಂಡಿತು. ಜಪಾನಿನ ನಿಹಾನ್ ಕೋಡೆನ್ ಸಂಸ್ಥೆಯ ಎಂಜಿನಿಯರ್ ತಾಕುವೊ ಅಯೋಯಾಗಿ 1974ರಲ್ಲಿ ಕಂಡುಕೊಂಡ ತತ್ತ್ವ ಅದರದು; ನಾಡಿಯ ಪ್ರತಿ ಮಿಡಿತಕ್ಕೆ ಬದಲಾಗುವ ಬೆಳಕಿನ ಭಾಗವನ್ನಷ್ಟೇ ಆರಿಸಿಕೊಂಡು ಲೆಕ್ಕ ಹಾಕುವುದು. ಬಿಸಿಮಾಡಬೇಕಿಲ್ಲ, ಸುಡುವ ಭಯವಿಲ್ಲ, ಕಾಯಬೇಕಿಲ್ಲ. ಚರ್ಮದ ಬಿಲ್ಲೆ ಆ ಕೋಣೆಗಳಿಂದ ಬಹುಮಟ್ಟಿಗೆ ಹಿಂದೆ ಸರಿದು, ರಕ್ತನಾಳ ಚಿಕಿತ್ಸೆಯ ವಿಭಾಗಗಳಲ್ಲಿಯೂ ವಾಸಿಯಾಗದ ಹುಣ್ಣುಗಳ ಚಿಕಿತ್ಸೆಯಲ್ಲಿಯೂ ನೆಲೆ ಕಂಡುಕೊಂಡಿತು.

ಇವೆರಡರ ಭೇದವನ್ನು ಬಂಡಿಯ ಸಾಮ್ಯದಿಂದ ಹೇಳಬಹುದು. ಸಂತೆಯಿಂದ ಹೊರಟ ನೂರು ಬಂಡಿಗಳಲ್ಲಿ ಎಷ್ಟು ಬಂಡಿಗಳ ಮೇಲೆ ಮೂಟೆಯಿದೆ ಎಂಬುದನ್ನು ಬೆರಳಿನ ಚಿಮಟ ಹೇಳುತ್ತದೆ. ಕೊನೆಯ ಮನೆಯ ಅಂಗಳದಲ್ಲಿ ಎಷ್ಟು ಮೂಟೆ ಇಳಿಯಿತು ಎಂಬುದನ್ನು ಚರ್ಮದ ಬಿಲ್ಲೆ ಹೇಳುತ್ತದೆ. ಕೈಬೆರಳಿನಲ್ಲಿ 98 ತೋರಿಸುವ ಮನುಷ್ಯನ ಕಾಲ್ಬೆರಳು ಉಪವಾಸವಿರುವುದು ಸಾಧ್ಯ.

ಪರೀಕ್ಷೆಯ ಕ್ರಮ ಹೀಗಿದೆ. ರೋಗಿಯನ್ನು ಅಂಗಾತ ಮಲಗಿಸಿ ಒಂದು ಬಿಲ್ಲೆಯನ್ನು ಹೋಲಿಕೆಗಾಗಿ ಎದೆಯ ಮೇಲೂ ಉಳಿದವನ್ನು ಪಾದ ಮತ್ತು ಕಣಕಾಲಿನ ಸುತ್ತಲೂ ಅಂಟಿಸಿ, ತೊಗಲು ಕಾಯುವವರೆಗೆ 15–20 ನಿಮಿಷ ಬಿಡಲಾಗುತ್ತದೆ. ಫಲಿತಾಂಶವನ್ನು ಮಿಲಿಮೀಟರ್ ಪಾದರಸದಲ್ಲಿ ಹೇಳುವುದು ರೂಢಿ. 2014ರಲ್ಲಿ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರು ರೂಪಿಸಿದ ವರ್ಗೀಕರಣದಲ್ಲಿ ಪಾದದ ಅಂಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ತದ ಕೊರತೆಯಿಲ್ಲವೆಂದೂ, 40ರಿಂದ 59 ಅಲ್ಪವೆಂದೂ, 30ರಿಂದ 39 ಮಧ್ಯಮವೆಂದೂ, 30ಕ್ಕಿಂತ ಕಡಿಮೆಯಿದ್ದರೆ ತೀವ್ರವೆಂದೂ ಗೊತ್ತುಪಡಿಸಲಾಗಿದೆ. ತೀವ್ರ ಕೊರತೆಯಿರುವ ಕಾಲಿನ ಹುಣ್ಣಿಗೆ ಎಷ್ಟೇ ಒಳ್ಳೆಯ ಮುಲಾಮು ಹಚ್ಚಿದರೂ, ನಾರಿನ ರಸ ಹಿಂಡಿದರೂ, ಮೊದಲು ನೆತ್ತರಿನ ದಾರಿ ತೆರೆಯದೆ ಅದು ಮಾಯುವುದು ಕಷ್ಟ. ಕಾಲನ್ನು ಕತ್ತರಿಸಲೇಬೇಕಾದ ಪ್ರಸಂಗದಲ್ಲಿ ಬೆರಳಿಗೆ ನಿಲ್ಲಿಸಬಹುದೇ, ಪಾದಕ್ಕೆ ನಿಲ್ಲಿಸಬಹುದೇ, ಮೊಣಕಾಲ ಕೆಳಗೋ ಮೇಲೋ ಎಂಬ ತೀರ್ಮಾನಕ್ಕೂ ಈ ಅಂಕೆ ನೆರವಾಗುತ್ತದೆ. ಮೊಣಕಾಲು ಉಳಿದವನು ಕೃತಕ ಕಾಲಿನಲ್ಲಿ ನಡೆದಾಡುವುದು ಸುಲಭ. ಮೊಣಕಾಲು ಹೋದವನಿಗೆ ಹೊಲವೂ ದೂರ, ಬಚ್ಚಲೂ ದೂರ.

ಬೆಂಗಳೂರಿನ ಮಟ್ಟಿಗೆ ಇಲ್ಲಿ ಒಂದು ಚಿಕ್ಕ ಲೆಕ್ಕವಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್, ಅದರಲ್ಲಿ ಆಮ್ಲಜನಕದ ಪಾಲು ಸುಮಾರು 160. ಬೆಂಗಳೂರು 900 ಮೀಟರುಗಳಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯಲ್ಲಿ ಆ ಪಾಲು 143ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಗೆ ಹೊಂದಿಸಿಕೊಂಡು ಅಳೆಯುವ ಸಾಧನವಾದುದರಿಂದ ಮಂಗಳೂರಿನ ಲೆಕ್ಕವನ್ನು ಹೆಸರಘಟ್ಟ ರಸ್ತೆಯಲ್ಲಿ ಹಾಗೆಯೇ ಬಳಸಲು ಬರುವುದಿಲ್ಲ. ಸ್ಥಳದ ವಾಯುಭಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಸುಮಾರು 10.1 ಕೋಟಿ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯೂ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕ್ಯುಲರ್ ಸೈನ್ಸಸ್ ಸಂಸ್ಥೆಯೂ ಇಂತಹವರ ಪಾದಗಳ ಚಿಕಿತ್ಸೆಯಲ್ಲಿ ತೊಡಗಿವೆ. ಆದರೆ ಅಲ್ಲಿಗೆ ತಲುಪುವ ಮೊದಲು ರೋಗಿ ಎಷ್ಟು ದಿನಗಳನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ತೀರ್ಮಾನಿಸುವುದು ಆಸ್ಪತ್ರೆಯಲ್ಲ, ಮನೆ. ಜಾನಪದ ಅಧ್ಯಯನಕ್ಕೆ ಇಲ್ಲಿ ಕೆಲಸವಿದೆ. ಹುಣ್ಣಿಗೆ ಅರಿಶಿನ, ಬೇವು, ಜೇನು ಹಚ್ಚುವುದರಿಂದ ಆಗುವ ಹಾನಿ ಕಡಿಮೆ; ಹಚ್ಚುತ್ತಾ ಕಾಯುವುದರಿಂದ ಆಗುವ ಹಾನಿ ಹೆಚ್ಚು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಈ ಪಾದಗಳ ಮಟ್ಟಿಗೆ ಅಕ್ಷರಶಃ ನಿಜವಾಗಿಬಿಡುತ್ತದೆ. ಉಗುರಿನ ಅಂಚಿನಲ್ಲಿ ಆದ ಗಾಯ ಕೊನೆಗೆ ಗರಗಸದವರೆಗೆ ಹೋಗುತ್ತದೆ.

ಅತ್ಯಂತ ಅಪಾಯಕಾರಿಯಾದದ್ದು ಶಾಖವೇ. ಕಾಲು ತಣ್ಣಗಿದೆ, ಜೋಮು ಹಿಡಿದಿದೆ ಎಂದು ಮನೆಯವರು ಬಿಸಿನೀರಿನಲ್ಲಿ ಪಾದ ಇಳಿಬಿಡಿಸುತ್ತಾರೆ, ಬಿಸಿ ಮಾಡಿದ ಬಟ್ಟೆ ಒತ್ತುತ್ತಾರೆ. ಆರೋಗ್ಯವಂತನ ಕಾಲಿನಲ್ಲಿ ಅರಳಿದ ನಾಳಗಳ ನೆತ್ತರು ಆ ಕಾವನ್ನು ಹೊತ್ತೊಯ್ಯುತ್ತದೆ, ಹೆಚ್ಚಾದರೆ ನೋವು ಎಚ್ಚರಿಸುತ್ತದೆ. ನರ ಸತ್ತು ನೆತ್ತರೂ ಕಡಿಮೆಯಾದ ಕಾಲಿನಲ್ಲಿ ಈ ಎರಡು ಕಾವಲೂ ಇಲ್ಲ. ಬೊಬ್ಬೆ ಎದ್ದದ್ದು ಮರುದಿನವೇ ಕಾಣುವುದು. ಮಲೆಮಹದೇಶ್ವರನ ಬೆಟ್ಟಕ್ಕೋ ಧರ್ಮಸ್ಥಳಕ್ಕೋ ಬರಿಗಾಲಿನಲ್ಲಿ ನಡೆದು ಬರುವ ಹರಕೆ, ಊರಹಬ್ಬದಲ್ಲಿ ಕೊಂಡ ಹಾಯುವ ಹರಕೆಗಳೂ ಇದೇ ಕಾರಣಕ್ಕೆ ಹೊಸ ಪ್ರಶ್ನೆಗಳನ್ನು ಎದುರಿಸುತ್ತಿವೆ. ಹರಕೆ ಹೊತ್ತ ಅಜ್ಜನ ಪಾದಕ್ಕೆ ನೆಲದ ಬಿಸಿ ತಿಳಿಯುತ್ತಿತ್ತು. ಅದೇ ಹರಕೆಯನ್ನು ತೀರಿಸಲು ಹೊರಟ ಮೊಮ್ಮಗನ ಪಾದಕ್ಕೆ ತಿಳಿಯುವುದಿಲ್ಲ. ನೋವು ತಿಳಿಯದ ಪಾದಕ್ಕೆ ಹುಣ್ಣಾಗುವುದು ಮಾಂಸ ತಾನಾಗಿ ಕೊಳೆಯುವುದರಿಂದಲ್ಲ, ಗಾಯ ಗೊತ್ತಾಗದೇ ಇರುವುದರಿಂದ ಎಂಬುದನ್ನು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ನಡುವೆ ದುಡಿದು ತೋರಿಸಿಕೊಟ್ಟಿದ್ದರು. ಮೆತ್ತನೆಯ ರಬ್ಬರಿನ ಚಪ್ಪಲಿಗಳು ಈ ನಾಡಿಗೆ ಬಂದದ್ದು ಆ ಅರಿವಿನಿಂದ.

ಆಮ್ಲಜನಕದ ಅಂಕೆ ಕನ್ನಡದ ಹಳ್ಳಿಗಳ ಆಡುಮಾತಿಗೆ ಬಂದದ್ದು 2020 ಮತ್ತು 2021ರಲ್ಲಿ. ಆಶಾ ಕಾರ್ಯಕರ್ತೆಯರು ಬೆರಳಿನ ಚಿಮಟ ಹಿಡಿದು ಮನೆಮನೆಗೆ ಹೋದರು. ‘ಸ್ಯಾಚುರೇಷನ್ ಎಷ್ಟು?’ ಎಂಬುದು ‘ಊಟ ಆಯಿತೇ?’ ಎಂಬಷ್ಟೇ ಸಾಮಾನ್ಯವಾದ ಪ್ರಶ್ನೆಯಾಯಿತು. 94 ಎಂಬ ಅಂಕೆಗೆ ಊರುಗಳು ಹೆದರುವುದನ್ನು ಕಲಿತವು. 2021ರ ಮೇ 2ರ ರಾತ್ರಿಯಿಂದ 3ರ ವೇಳೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡ ಸುದ್ದಿ ಆ ಹೆದರಿಕೆಗೆ ಒಂದು ಊರಿನ ಹೆಸರನ್ನೂ ಕೊಟ್ಟಿತು. ಈ ರೋಗದಲ್ಲಿ ಹಳೆಯ ಲಕ್ಷಣಗಳು ಸೋತವು ಎಂಬುದನ್ನೂ ಒಪ್ಪಬೇಕು. ಅಂಕೆ 80ಕ್ಕೆ ಇಳಿದಿದ್ದವರೂ ಮಾತಾಡುತ್ತಾ ಕುಳಿತಿರುತ್ತಿದ್ದರು, ಏದುಸಿರಿಲ್ಲ, ಒದ್ದಾಟವಿಲ್ಲ. ಮುಖ ನೋಡಿ ಹೇಳುವ ಹಿರಿಯರ ಕಣ್ಣಿಗೆ ಅದು ಬೀಳಲಿಲ್ಲ.

ಆದರೆ ಬೆಳಕಿನ ಚಿಮಟಕ್ಕೂ ಒಂದು ಕುರುಡಿತ್ತು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚಿನ ಅಂಕೆ ತೋರಿಸಬಹುದೆಂಬ ಎಚ್ಚರಿಕೆ 1990ರಲ್ಲಿಯೇ ಪ್ರಕಟವಾಗಿತ್ತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದ ಬಂದ ಅಧ್ಯಯನವು, ಚಿಮಟ ಸರಿಯೆಂದು ತೋರಿಸಿದರೂ ರಕ್ತದಲ್ಲಿ ಆಮ್ಲಜನಕ ಅಪಾಯಕರವಾಗಿ ಇಳಿದಿದ್ದ ಪ್ರಸಂಗಗಳು ಬಿಳಿಯರಲ್ಲಿ 3.6 ಪ್ರತಿಶತವಿದ್ದರೆ ಕಪ್ಪುಜನರಲ್ಲಿ 11.7 ಪ್ರತಿಶತವಿದ್ದವೆಂದು ತೋರಿಸಿತು. ಕರಿಬಣ್ಣ, ಎಣ್ಣೆಗೆಂಪುಗಳ ನಾಡಿಗೆ ಇದು ಪರಕೀಯರ ಸಮಸ್ಯೆಯಲ್ಲ. ಉಗುರಿನ ಬಣ್ಣ, ತಣ್ಣಗಾದ ಬೆರಳುಗಳೂ ಆ ಅಳತೆಯನ್ನು ಕೆಡಿಸುತ್ತವೆ. ಚರ್ಮದ ಬಿಲ್ಲೆ ಬೆಳಕನ್ನು ಬಳಸದೆ ತೊಗಲಿನಿಂದ ಒಸರುವ ಅನಿಲವನ್ನೇ ಅಳೆಯುವುದರಿಂದ ಮೈಬಣ್ಣ ಅದರ ಲೆಕ್ಕಕ್ಕೆ ಅದೇ ರೀತಿಯಲ್ಲಿ ಅಡ್ಡಬರುವುದಿಲ್ಲ. ಅದಕ್ಕೆ ಅಡ್ಡಬರುವುದು ದಪ್ಪ ತೊಗಲು, ಬಾವು, ಸೋಂಕು. ಬರಿಗಾಲಿನಲ್ಲಿ ನಡೆದು ಗಡುಸಾದ ಅಂಗಾಲಿನ ಮೇಲೆ ಅದನ್ನು ಇಡುವುದಿಲ್ಲ, ಪಾದದ ಮೇಲ್ಭಾಗದ ತೆಳುತೊಗಲಿನ ಮೇಲೆ ಇಡುತ್ತಾರೆ.

ಯಂತ್ರ ತಲುಪದ ಕಡೆ ಮಾತು ತಲುಪುತ್ತದೆ ಎಂಬ ಕಾರಣಕ್ಕೆ ಕನ್ನಡದ ಪಾದಸಂಬಂಧಿ ನುಡಿಗಳನ್ನು ಶೇಖರಿಸಿ ವರ್ಗೀಕರಿಸುವ ಕೆಲಸ ನಡೆಯಬೇಕಾಗಿದೆ. ‘ಜೋಮು’ ಎಂಬುದು ಇರುವೆ ಹರಿದಂತಾಗುವ ಸ್ಥಿತಿ. ‘ಮರಗಟ್ಟುವುದು’ ಸ್ಪರ್ಶವೇ ತಿಳಿಯದಿರುವುದು. ‘ಅಂಗಾಲು ಉರಿ’ ಬೇರೆ. ಈ ಮೂರೂ ಬಹುಮಟ್ಟಿಗೆ ನರದ ದೂರುಗಳು. ‘ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ’ ಎಂಬ ಮಾತು ಮಾತ್ರ ನೆತ್ತರಿನ ದೂರು. ದುಡಿಯುವ ಸ್ನಾಯು ಕೇಳಿದಷ್ಟು ಆಮ್ಲಜನಕ ಬರುತ್ತಿಲ್ಲ ಎಂಬುದರ ಶುದ್ಧ ಕನ್ನಡ ಹೇಳಿಕೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಈ ಎಲ್ಲವನ್ನೂ ‘ಕಾಲು ನೋವು’ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡರೆ ಆಡುನುಡಿ ಮಾಡಿಕೊಟ್ಟ ವಿಂಗಡಣೆಯೇ ಅಳಿಸಿಹೋಗುತ್ತದೆ.

ಇದಕ್ಕಿಂತಲೂ ಸ್ಪಷ್ಟವಾದ ಇನ್ನೊಂದು ಲಕ್ಷಣವಿದೆ. ನೆತ್ತರಿನ ಕೊರತೆ ತೀವ್ರವಾದವರು ರಾತ್ರಿ ಮಲಗಿದರೆ ಪಾದ ಸಿಡಿಯುತ್ತದೆಂದು ಎದ್ದು, ಮಂಚದಿಂದಲೋ ಜಗಲಿಯಿಂದಲೋ ಕಾಲು ಇಳಿಬಿಟ್ಟುಕೊಂಡು ಬೆಳಗಿನವರೆಗೆ ಕೂರುತ್ತಾರೆ. ಮನೆಯವರು ಅದನ್ನು ನಿದ್ರೆ ಬಾರದ ಮುಪ್ಪಿನ ಚಾಳಿಯೆನ್ನುತ್ತಾರೆ, ಕೆಲವೆಡೆ ಗಾಳಿ ಸೋಕಿದೆಯೆನ್ನುವುದೂ ಉಂಟು. ಚರ್ಮದ ಆಮ್ಲಜನಕವನ್ನು ಅಳೆಯುವ ಪ್ರಯೋಗಶಾಲೆಯಲ್ಲಿ ಅನುಮಾನವಿದ್ದಾಗ ಮಾಡುವ ಪರೀಕ್ಷೆಯೂ ಇದೇ ಜಾಡಿನದು: ಬಿಲ್ಲೆ ಅಂಟಿಸಿದ ಕಾಲನ್ನು ಮೇಲಕ್ಕೆತ್ತಿ ಕೆಲವು ನಿಮಿಷ ಹಿಡಿದು ನೋಡುವುದು. ನಾಳ ಕಟ್ಟಿದ ಕಾಲಿನಲ್ಲಿ ಅಂಕೆ ಕುಸಿಯುತ್ತದೆ. ಕಾಲನ್ನು ಕೆಳಗಿಳಿಸಿದರೆ ನೆಲದ ಸೆಳೆತದ ನೆರವಿನಿಂದ ನೆತ್ತರು ಇಳಿದು ಅಂಕೆ ಮತ್ತೆ ಏರುತ್ತದೆ.